ಕಡಲಹಾವಿನ ಅಂಚಿನ ಪಂಚೆ

ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಗಂಡಸಿನ ಮುಖವನ್ನು ಮೊದಲು ನೋಡುವವರು ಕಡಿಮೆ. ಮೊದಲು ಪಂಚೆಯ ಅಂಚು ನೋಡುತ್ತಾರೆ. ಅಂಚಿನಲ್ಲಿ ಯಾವ ಪಕ್ಷದ ಬಣ್ಣದ ಪಟ್ಟೆ ಇದೆ, ಪಟ್ಟೆ ಎಷ್ಟು ಅಗಲ ಇದೆ ಎಂದು ಕಣ್ಣಲ್ಲೇ ಅಳೆದು, ಆಮೇಲೆ ಪುರುಸೊತ್ತಿದ್ದರೆ ಮುಖಕ್ಕೆ ಬರುತ್ತಾರೆ. ಅಗಲ ಅಂಚಿನವನು ಬಂದನೆಂದರೆ ಟೀ ಅಂಗಡಿಯ ಬೆಂಚು ತಾನಾಗಿ ಖಾಲಿಯಾಗುತ್ತದೆ, ಕಚೇರಿಯಲ್ಲಿ ಮುಚ್ಚಿದ್ದ ಕಿಟಕಿ ತೆರೆಯುತ್ತದೆ, ಊಟದ ಪಂಕ್ತಿಯಲ್ಲಿ ಎರಡನೆಯ ವಡೆ ಕೇಳದೆಯೇ ಬೀಳುತ್ತದೆ.

ಮಾರಿಮುತ್ತು ಉಡುತ್ತಿದ್ದುದು ಅಂಚೇ ಇಲ್ಲದ ಬಿಳಿ ಪಂಚೆ. ಅವನಿಗೆ ಎರಡನೆಯ ವಡೆ ಇರಲಿ, ಎಷ್ಟೋ ಮದುವೆಗಳಲ್ಲಿ ಮೊದಲನೆಯದೂ ಬಿದ್ದಿರಲಿಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ಅವನ ಹಿಂದೆ ನಿಂತವರೆಲ್ಲ ಯಾವ ಮಾಯದಲ್ಲೋ ಅವನ ಮುಂದಿರುತ್ತಿದ್ದರು. ಬಸ್ಸಿನಲ್ಲಿ ಕುಳಿತಿದ್ದರೆ ಕಂಡಕ್ಟರ್ ಬಂದು ಭುಜ ಮುಟ್ಟಿ ಎಬ್ಬಿಸುತ್ತಿದ್ದ. ಯಾರಿಗೆ ಜಾಗ ಬೇಕು ಎಂದು ಆಮೇಲೆ ಹುಡುಕುತ್ತಿದ್ದ. ಮೆತ್ತಗಿದ್ದ ಕಡೆ ಮತ್ತೊಂದು ಗುದ್ದಲಿ ಎಂಬ ಗಾದೆ ಇವನನ್ನು ನೋಡಿ ಹುಟ್ಟಿದ್ದಲ್ಲ ಎಂದು ನಂಬುವುದು ಕಷ್ಟ.

ಇಷ್ಟನ್ನೂ ಅವನು ನುಂಗಿಕೊಂಡಿದ್ದ. ನುಂಗಲಾಗದ್ದು ಒಂದೇ, ದಾರಿಯದು.

ಮಾರಿಮುತ್ತುವಿಗೆ ಊರ ಹೊರಗೆ ಒಂದು ದ್ರಾಕ್ಷಿ ತೋಟವಿತ್ತು. ತೋಟದಿಂದ ರಸ್ತೆಗೆ ಬರಲು ಒಂದೇ ಗಾಡಿದಾರಿ, ಅದು ಚಿಕ್ಕಪ್ಪನ ಮಗ ರಾಮ್‌ಕುಮಾರನ ತೆಂಗಿನ ತೋಟದ ಪಕ್ಕದಲ್ಲಿ. ಅಜ್ಜನ ಕಾಲದಿಂದ ಎರಡು ಮನೆಯವರೂ ನಡೆದ ದಾರಿ. ಹಿಂದಿನ ವರ್ಷ ರಾಮ್‌ಕುಮಾರ್ ಅದಕ್ಕೆ ತಂತಿಬೇಲಿ ಹಾಕಿ, ಮಾರಿಮುತ್ತುವಿನ ತೋಟದ ಕಡೆಯ ತುದಿಗೆ ಕಬ್ಬಿಣದ ಗೇಟು ನಿಲ್ಲಿಸಿ, ಬೀಗ ಜಡಿದ. ತೆಂಗಿನಕಾಯಿ ಕಳ್ಳರ ಕಾಟ ಎಂದ. ಬೀಗದ ಕೈ ಕೇಳಿದರೆ ಹೆಂಡತಿಯ ಹತ್ತಿರ ಇದೆ ಎನ್ನುತ್ತಿದ್ದ. ಹೆಂಡತಿ ತವರಿನಲ್ಲಿ ಇರುತ್ತಿದ್ದಳು. ಉಳಿದದ್ದು ಕಾಲುವೆ ಏರಿ. ಅದರ ಮೇಲೆ ಒಬ್ಬ ಮನುಷ್ಯ ನಡೆಯಬಹುದು, ವಾಹನ ಬರುವುದಿಲ್ಲ. ಪನ್ನೀರು ದ್ರಾಕ್ಷಿಯೋ ಕಾಯುವ ಹಣ್ಣಲ್ಲ. ಕೊಯ್ದ ದಿನವೇ ವಾಹನ ಹತ್ತಬೇಕು. ತಲೆಯ ಮೇಲೆ ಹೊತ್ತು ಸುತ್ತಿ ತಂದರೆ ಕ್ರೇಟಿನ ತಳದ ಗೊಂಚಲೆಲ್ಲ ರಸವಾಗಿ ಕುತ್ತಿಗೆಯ ಮೇಲೆ ಇಳಿಯುತ್ತದೆ. ದಾರಿ ತೆರೆಯದಿದ್ದರೆ ಬರುವ ಕೊಯ್ಲು ಮಣ್ಣುಪಾಲು ಎನ್ನುವುದು ಮಾರಿಮುತ್ತುವಿಗೆ ಗೊತ್ತಿತ್ತು. ರಾಮ್‌ಕುಮಾರನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ತೋಟವನ್ನು ತಾನೇ ಕೊಳ್ಳುವುದಾಗಿ ಅವನು ಆಗಲೇ ಎರಡು ಸಲ ಹೇಳಿ ಕಳಿಸಿದ್ದ.

ಸರ್ವೆ ಕಚೇರಿಗೆ ಮಾರಿಮುತ್ತು ಅಲೆದು ಅಲೆದು ಚಪ್ಪಲಿ ಸವೆಸಿದ. ಅಲ್ಲಿನ ಸರ್ವೇಯರ್ ವಿಘ್ನೇಶ್ವರನ್ ಬಂದು ಅಳೆದು ಕಲ್ಲು ನೆಟ್ಟರೆ ಮುಗಿಯಿತು. ಆದರೆ ಆತ 'ಮುಂದಿನ ವಾರ' ಎಂಬ ಎರಡು ಪದಗಳನ್ನು ಬಿಟ್ಟು ಬೇರೆ ಮಾತು ಕಲಿತೇ ಇರಲಿಲ್ಲ.

ಇನ್ನೊಂದು ಬಾಗಿಲೂ ಇತ್ತು, ಕಂಬಳಿ. ಮಾರಿಮುತ್ತುವಿನ ಕುಲದ ಜನ ನೂರಾರು ವರ್ಷಗಳ ಹಿಂದೆ ಕನ್ನಡ ನಾಡು ಬಿಟ್ಟು ಬಂದಾಗ ಜೊತೆಗೆ ತಂದದ್ದು ದನ, ಮಾತು ಮತ್ತು ಕಂಬಳಿ. ದನ ಕಡಿಮೆಯಾಗಿವೆ, ಮಾತು ಅರ್ಧ ತಮಿಳಾಗಿ ಹಕಾರವನ್ನೇ ಕಳೆದುಕೊಂಡಿದೆ, ಕಂಬಳಿ ಮಾತ್ರ ಹಾಗೇ ಇದೆ. ಪೊಂಗಲ್ ಆದ ಮುಂದಿನ ತಿಂಗಳು, ಮಾಸಿಯಲ್ಲಿ, ಕುಲದ ಹಿರಿಯರು ದೇವರ ದನಗಳ ಕೊಟ್ಟಿಗೆಯ ಮುಂದೆ ಕರಿ ಕಂಬಳಿ ಹಾಸಿ ಕೂರುತ್ತಾರೆ. ಅದರ ಮುಂದೆ ಆಡಿದ ಮಾತನ್ನು ಇವತ್ತಿಗೂ ಯಾರೂ ಮೀರಿಲ್ಲ. ದೂರು ತಂದವನು ತಲೆಗೆ ನೀರು ಹಾಕಿಕೊಂಡು, ಅಂಚಿಲ್ಲದ ಬಿಳಿ ಪಂಚೆ ಉಟ್ಟು ನಿಲ್ಲಬೇಕು, ಅಷ್ಟೇ ಕಟ್ಟಲೆ. ಆ ಕಟ್ಟಲೆಯನ್ನು ನೆನಪಿಟ್ಟುಕೊಳ್ಳುವ ಕಷ್ಟ ಮಾರಿಮುತ್ತುವಿಗೆ ಇರಲಿಲ್ಲ. ಅವನ ಬಳಿ ಬೇರೆ ಪಂಚೆಯೇ ಇರಲಿಲ್ಲ.

ಹಿರಿಯರಲ್ಲಿ ದೊಡ್ಡವರಾದ ಕರುಪ್ಪಸಾಮಿ ತಾತ ಧೈರ್ಯ ಹೇಳಿದ್ದರು.

"ಮಾಸಿ ತಿಂಗಳ್ಗೆ ಬಾರೋ ಮಾರಿ. ನಿಮ್ಮಪ್ಪನ ಕಾಲದಲ್ಲಿ ನಿಮ್ಮ ಮನೆ ಪೊಂಗಲ್ ಕರು ಆ ದಾರೀಲಿ ತಾನೆ ದೇವರ ಕೊಟ್ಟಿಗೆಗೆ ಓದದ್ದು? ಕರು ಇಂದೆ ನಾನು ನಡೆದಿವ್ನಿ. ನಾನು ಸತ್ತಿಲ್ವಲ್ಲ."

ಪೊಂಗಲ್ ದಿನ ಹುಟ್ಟಿದ ಕರು ಮನೆಯದಲ್ಲ, ದೇವರದು. ಹಣೆಗೆ ಅರಿಸಿನ ಬಳಿದು ರಸ್ತೆಯಾಚೆಯ ದೇವರ ಕೊಟ್ಟಿಗೆಗೆ ನಡೆಸಿಕೊಂಡು ಹೋಗಿ ಬಿಡಬೇಕು. ಅದನ್ನು ಯಾರೂ ಹೊಡೆಯುವುದಿಲ್ಲ, ಅಡ್ಡಗಟ್ಟುವುದಿಲ್ಲ. ಅಂಥ ಕರು ನಡೆದ ದಾರಿಗೆ ಕಂಬಳಿಯ ಮುಂದೆ ಬೇರೆ ಸಾಕ್ಷಿ ಬೇಕಿಲ್ಲ. ತಾಳಿದ್ದರೆ ಸಾಕಿತ್ತು. ಆದರೆ ತಾಳ್ಮೆಯಿಂದ ಬಾಳಿದ ಮನುಷ್ಯ ಒಮ್ಮೆ ತಾಳ್ಮೆ ಕಳೆದುಕೊಂಡರೆ ಅದಕ್ಕೆ ಸರಿಯಾದ ಹೊತ್ತನ್ನು ಆರಿಸಿಕೊಳ್ಳುವುದಿಲ್ಲ.

ಆ ಪೊಂಗಲ್‌ಗೆ ಮಾರಿಮುತ್ತುವಿನ ಅಕ್ಕನ ಮಗಳು ತಮಿಳರಸಿ ಬಂದಿದ್ದಳು. ರಾಮೇಶ್ವರದ ಕಡೆ ಕಡಲಹಾವುಗಳ ಮೇಲೆ ಸಂಶೋಧನೆ ಮಾಡುವ ಹುಡುಗಿ. ಮನೆಮಾತು ಅವಳಿಗೆ ಕಿವಿಗೆ ಬರುವಷ್ಟು ನಾಲಿಗೆಗೆ ಬರುವುದಿಲ್ಲ. ಅದೇ ಬೆಳಗ್ಗೆ ತೋಟದ ಕೊಟ್ಟಿಗೆಯಲ್ಲಿ ಹಸು ಕರು ಹಾಕಿತ್ತು. ಕರುವಿನ ಮೈ ಒರೆಸುತ್ತಾ ಕೂತ ಮಾವನಿಗೆ ಅವಳು ಫೋನಿನಲ್ಲಿ ಚಿತ್ರ ತೋರಿಸಿದಳು.

"ಮಾಮ, ಇಂಗ ಪಾರುಂಗ. ಇದು ಕಡಲ ಹಾವು. ಮೈ ತುಂಬ ಹಳದಿ, ಕಪ್ಪು, ಹಳದಿ, ಕಪ್ಪು."

"ಕಚ್ಚಿದ್ರೆ?"

"ಕಚ್ಚಿದ್ರೆ ಆಯ್ತು, ಮುಗೀತು. ಆದ್ರೆ ರೊಂಬ ಸಾಧು ಮಾಮ. ಕಚ್ಚೋ ಅವಸರಾನೇ ಬರಲ್ಲ. ಆ ಪಟ್ಟೆ ಕಂಡ ಕೂಡಲೆ ದೊಡ್ಡ ಮೀನೆಲ್ಲ ಸರಿದು ಹೋಗುತ್ತೆ. ನನ್ನ ತಿಂದ್ರೆ ನೀನು ಸಾಯ್ತೀಯ ಅಂತ ಪಟ್ಟೆ ಹೇಳುತ್ತೆ."

ಮಾರಿಮುತ್ತುವಿನ ಕೈ ಕರುವಿನ ಬೆನ್ನ ಮೇಲೆ ನಿಂತಿತು. ತಮಿಳರಸಿ ಇನ್ನೊಂದು ಚಿತ್ರ ತೆಗೆದಳು.

"ಇದು ಹಾವಲ್ಲ, ಮೀನು. ಹಾವಿನ ತರ ಉದ್ದ ಇರುತ್ತೆ, ವಿಷ ಇಲ್ಲ, ಒಂದೂ ಇಲ್ಲ. ಆದ್ರೆ ಹಾವಿನ ಪಟ್ಟೇನೇ ಮೈಮೇಲೆ ಹಾಕ್ಕೊಂಡಿದೆ. ಇದನ್ನೂ ಯಾರೂ ಮುಟ್ಟಲ್ಲ."

"ಯಾರೂನಾ?"

"ಯಾರೂ. ಆದ್ರೆ ಮಾಮ, ಇದ್ರಲ್ಲಿ ಇನ್ನೊಂದು ವಿಷಯ ಇದೆ, ಅದು ಏನಂದ್ರೆ..."

ಮಾರಿಮುತ್ತು ಎದ್ದಾಗಿತ್ತು. ಲೋಕದಲ್ಲಿ ಏನೂ ಕಲಿಯದವರಿಂದ ಅಂಥ ಅನಾಹುತವೇನೂ ಆಗಿಲ್ಲ. ಪಾಠದ ಮೊದಲರ್ಧ ಕೇಳಿ ಎದ್ದು ಹೋದವರು ಮಾಡಿದಷ್ಟು ಅನಾಹುತ ಯಾರೂ ಮಾಡಿಲ್ಲ.

ಹಬ್ಬ ಕಳೆದದ್ದೇ ತಡ, ಅವನು ಬಸ್ ಹತ್ತಿ ದಿಂಡಿಗಲ್ ಹತ್ತಿರದ ಚಿನ್ನಾಳಪಟ್ಟಿಗೆ ಹೋದ. ಅಲ್ಲಿ ಮಗ್ಗಗಳ ಬೀದಿಯಲ್ಲಿ ಒಬ್ಬ ನೇಕಾರನ ಮುಂದೆ ನಿಂತು, ಒಂದು ಗೇಣು ಅಗಲದ ಅಂಚು ಬೇಕು, ಹಳದಿ ಪಟ್ಟೆ, ಕಪ್ಪು ಪಟ್ಟೆ, ಒಂದಾದ ಮೇಲೊಂದು ಎಂದ.

"ಇದು ಯಾವ ಪಾರ್ಟಿ ಅಣ್ಣೆ?" ನೇಕಾರ ಕೇಳಿದ.

"ಪಾರ್ಟಿ ಇಲ್ಲಪ್ಪ. ಇದು ಕಡಲಿಂದು."

ನೇಕಾರ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನನ್ನ ಕಿವಿಗೂ ಬಿತ್ತು. ಕಡಲ ಕಡೆಯಿಂದ ದೊಡ್ಡವರು ಯಾರೋ ಹೊಸದಾಗಿ ಶುರುಮಾಡ್ತಾರಂತೆ."

ಅವನ ಕಿವಿಗೆ ಅದು ಬಿದ್ದದ್ದು ಆಗಲೇ, ಮಾರಿಮುತ್ತುವಿನ ಬಾಯಿಂದಲೇ. ಆದರೆ ಸುದ್ದಿ ಮೊದಲೇ ಗೊತ್ತಿತ್ತು ಎನ್ನುವುದರಲ್ಲಿರುವ ಗೌರವವನ್ನು ಯಾವ ನೇಕಾರ ಬಿಟ್ಟುಕೊಡುತ್ತಾನೆ?

ಪಂಚೆ ಸಿದ್ಧವಾದ ದಿನ ಮಾರಿಮುತ್ತು ಅದನ್ನು ಬಸ್ ಬದಲಿಸುವ ಬತ್ತಲಗುಂಡಿನ ನಿಲ್ದಾಣದಲ್ಲೇ ಉಟ್ಟ. ಹಳೆಯದನ್ನು ಚೀಲಕ್ಕೆ ತುರುಕಿ ಕಂಬಂ ಬಸ್ಸು ಹತ್ತಿದ. ಕಂಡಕ್ಟರ್ ಬಂದ. ಅಂಚು ನೋಡಿದ. ಅಂಥ ಅಂಚನ್ನು ಅವನು ಹಿಂದೆ ನೋಡಿರಲಿಲ್ಲ. ಗೊತ್ತಿರುವ ಪಕ್ಷಕ್ಕೆ ಎಷ್ಟು ಹೆದರಬೇಕು ಎಂಬ ಲೆಕ್ಕ ಕಂಡಕ್ಟರುಗಳಿಗೆ ಬಾಯಿಪಾಠ. ಗೊತ್ತಿಲ್ಲದ ಪಕ್ಷಕ್ಕೆ ಲೆಕ್ಕವಿಲ್ಲವಾದ್ದರಿಂದ ಇದ್ದಷ್ಟೂ ಹೆದರಬೇಕಾಯಿತು. ಕಿಟಕಿ ಪಕ್ಕದಲ್ಲಿ ಕೂತಿದ್ದ ಒಬ್ಬ ಅಂಚಿಲ್ಲದವನ ಭುಜ ಮುಟ್ಟಿ ಎಬ್ಬಿಸಿ, "ಉಕ್ಕಾರುಂಗ ಅಣ್ಣೆ" ಎಂದು ಕೂರಿಸಿದ. ಎದ್ದವನ ಮುಖವನ್ನು ಮಾರಿಮುತ್ತು ನೋಡಲಿಲ್ಲ. ನೋಡಿದ್ದರೆ ತನ್ನದೇ ಮುಖ ಕಾಣುತ್ತಿತ್ತು.

ಸರ್ವೆ ಕಚೇರಿಯಲ್ಲಿ ನಡೆದದ್ದು ಇನ್ನೂ ದೊಡ್ಡದು. ವಿಘ್ನೇಶ್ವರನ್ ತಲೆ ಎತ್ತಿದ, ಅಂಚು ಕಂಡ, ಕುರ್ಚಿ ಬಿಟ್ಟು ಎದ್ದ.

"ವಾಂಗ ಅಣ್ಣೆ. ನೀವು ಬರೋದಾ? ಒಂದು ಫೋನ್ ಮಾಡಿದ್ರೆ ನಾನೇ ಬರ್ತಿದ್ದೆನಲ್ಲ."

ಮಾರಿಮುತ್ತು ತನ್ನ ಹಿಂದೆ ಬೇರೆ ಯಾರಾದರೂ ಬಂದರೇ ಎಂದು ತಿರುಗಿ ಬಾಗಿಲ ಕಡೆ ನೋಡಿದ. ಆ ನೋಟವನ್ನು ವಿಘ್ನೇಶ್ವರನ್ ತನ್ನ ನೌಕರಿಯ ಅನುಭವಕ್ಕೆ ತಕ್ಕಂತೆ ಅರ್ಥ ಮಾಡಿಕೊಂಡ.

"ಮೇಲಿನವರು ಏನಾದ್ರೂ ಹೇಳಿ ಕಳಿಸಿದ್ರಾ ಅಣ್ಣೆ? ಯಾರು ಹೇಳಿದ್ದು?"

ಸುಳ್ಳು ಹೇಳಿ ಮಾರಿಮುತ್ತುವಿಗೆ ಅಭ್ಯಾಸವಿರಲಿಲ್ಲ. "ನಮ್ಮ ಅಕ್ಕನ ಮಗಳು ಹೇಳಿದ್ದು ಸಾರ್. ರಾಮೇಶ್ವರದ ಕಡೆ ಇದ್ದಾಳೆ. ಕಡಲಲ್ಲೇ ಕೆಲಸ."

ವಿಘ್ನೇಶ್ವರನ್ ಮೆಲ್ಲಗೆ ಕುಳಿತ. ಹೊಸ ಪಕ್ಷದ ನಾಯಕಿ ಹೆಂಗಸು, ಕಡಲ ಕಡೆಯವಳು, ಈತ ಅವಳ ಸ್ವಂತ ಸೋದರಮಾವ ಎಂದು ಲೆಕ್ಕ ಹಾಕಿದ. ಮಾರನೆಯ ದಿನ ಬೆಳಗ್ಗೆ ತಿಂಡಿಯನ್ನೂ ತಿನ್ನದೆ ಬಂದು ದಾರಿ ಅಳೆದ, ಕಲ್ಲು ನೆಡಿಸಿದ, ಕಲ್ಲಿಗೆ ಬಿಳಿ ಸುಣ್ಣವನ್ನೂ ಹೊಡೆಸಿದ. ರಾಮ್‌ಕುಮಾರ್ ಗೇಟನ್ನು ತಾನೇ ತೆರೆದು ಎಳನೀರು ಹಿಡಿದು ನಿಂತಿದ್ದ.

"ಬೀಗ ತುಕ್ಕು ಇಡಿದಿತ್ತು ಅಣ್ಣ, ಅಷ್ಟೆ. ನೀನು ಮನಸಲ್ಲಿ ಇಟ್ಕೋಬೇಡ," ಎಂದ.

ಮನೆಗೆ ಬಂದ ಮಾರಿಮುತ್ತು ಪೆಟ್ಟಿಗೆಯಲ್ಲಿದ್ದ ಬಿಳಿ ಪಂಚೆಗಳನ್ನೆಲ್ಲ ಹೊರಗೆ ತೆಗೆದು, ಉದ್ದಕ್ಕೆ ಪಟ್ಟಿ ಪಟ್ಟಿಯಾಗಿ ಹರಿದ. ಚಪ್ಪರಕ್ಕೆ ದ್ರಾಕ್ಷಿ ಬಳ್ಳಿ ಕಟ್ಟಲು ಆಗುತ್ತದೆ ಎಂದ. ಹೆಂಡತಿ ದೈವಾನೈ ಒಂದು ಪಂಚೆಯ ತುದಿ ಹಿಡಿದು ಜಗ್ಗಿದಳು.

"ಒಂದಾದ್ರೂ ಇರ್ಲಿ ಬಿಡು. ಸಾವಿಗೀವಿಗೆ ಓಗಕ್ಕೆ ಬೇಕಾಗ್ತದೆ."

"ಸಾವಿಗೂ ಇದೇ ಉಟ್ಕೊಂಡು ಓಗ್ತೀನಿ. ಮುಂದೆ ಕುರ್ಚಿ ಆಕ್ತಾರೆ."

"ಅಲ್ಲೇನು ಎಣ ನಿಂಗೆ ಎದ್ದು ಜಾಗ ಬಿಡ್ತದಾ?" ಎಂದಳು ದೈವಾನೈ. ಅವನು ಕೊನೆಯ ಪಂಚೆಯನ್ನೂ ಹರಿದ.

ಮುಂದಿನ ವಾರಗಳು ಮಾರಿಮುತ್ತುವಿನ ಬಾಳಿನ ವಸಂತಕಾಲ. ಎದುರು ಮನೆಯ ವೀರಮ್ಮಾಳ್ ಅಜ್ಜಿ ಬಂದು ವೃದ್ಧಾಪ್ಯ ವೇತನ ಬರುವ ಹಾಗೆ ಮಾಡು ಎಂದಳು. ಊರಿನ ಎರಡು ಹಳೆಯ ಪಕ್ಷಗಳ ಎರಡು ಅಗಲ ಅಂಚಿನವರು ಒಂದೇ ಸಂಜೆ ಮನೆಗೆ ಬಂದರು, ಒಬ್ಬ ಮುಂಬಾಗಿಲಿನಿಂದ, ಇನ್ನೊಬ್ಬ ಹಿತ್ತಿಲಿನಿಂದ. ಇಬ್ಬರೂ ಮೈತ್ರಿಯ ಮಾತಾಡಿದರು. ದೈವಾನೈ ಇಬ್ಬರಿಗೂ ಒಂದೇ ಪಾತ್ರೆಯ ಕಾಫಿ ಬಗ್ಗಿಸಿದಳು. ಮಾರಿಮುತ್ತು ಬಾಯಿ ಬಿಡಲಿಲ್ಲ. ಅವನಿಗೆ ಹೇಳಲು ಏನೂ ಇರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಆಳ ಬಹಳ ಇದೆ, ಏನೂ ಬಿಟ್ಟುಕೊಡೋದಿಲ್ಲ ಎಂದು ಇಬ್ಬರೂ ಬೇರೆ ಬೇರೆಯಾಗಿ ಹೊರಗೆ ಹೇಳಿದರು.

ಒಂದು ದಿನ ರಾಮ್‌ಕುಮಾರ್ ಬಂದು ಜಗಲಿಯ ಮೇಲೆ ಕೂತ.

"ಅಣ್ಣ, ನಮ್ಮಪ್ಪನೂ ನಿಮ್ಮಪ್ಪನೂ ಒಂದೇ ಒಟ್ಟೇಲಿ ಉಟ್ಟಿದವ್ರು. ನೀನು ಇಷ್ಟು ಎತ್ತರಕ್ಕೆ ಓಗಿದ್ದೀಯ. ನಾನು ಇನ್ನೂ ಬರಿ ಪಂಚೇಲಿ ತಿರುಗಬೇಕಾ?"

ಹುಟ್ಟಿದ ಮೇಲೆ ಮಾರಿಮುತ್ತುವಿನ ಬಳಿ ರಾಮ್‌ಕುಮಾರ್ ಏನನ್ನಾದರೂ ಕೇಳಿ ಪಡೆದದ್ದಿಲ್ಲ, ಎಲ್ಲ ಹೇಳದೆ ತೆಗೆದುಕೊಂಡದ್ದೇ. ಹೀಗೆ ಕೈಕಟ್ಟಿ ಕೇಳಿದ್ದು ಮಾರಿಮುತ್ತುವಿನ ತಲೆಗೆ ಹತ್ತಿತು. ಬೀದಿ, ಮಗ್ಗ, ನೇಕಾರನ ಮನೆಯ ಬಾಗಿಲ ಬಣ್ಣ ಎಲ್ಲವನ್ನೂ ಹೇಳಿದ. ಒಳಗಿನಿಂದ ದೈವಾನೈ ಪಾತ್ರೆ ಎತ್ತಿ ಕುಕ್ಕಿದ ಸದ್ದು ಕೇಳಿಸಿತು. ಅದರ ಅರ್ಥ ಅವನಿಗೆ ಆಗಲಿಲ್ಲ.

ರಾಮ್‌ಕುಮಾರ್ ಒಂದು ಪಂಚೆ ತರಲಿಲ್ಲ, ಒಂದು ಮೂಟೆ ತಂದ. ಭಾಮೈದನಿಗೆ, ಭಾಮೈದನ ಗೆಳೆಯರಿಗೆ, ತೆಂಗಿನಕಾಯಿ ಕೀಳುವವರಿಗೆ, ಬಡ್ಡಿ ವಸೂಲಿ ಮಾಡುವವರಿಗೆ ಹಂಚಿದ. ಮಾರ್ಕೆಟ್ ಬೀದಿಯಲ್ಲಿ ಒಂದು ದೊಡ್ಡ ಬ್ಯಾನರು ಎದ್ದಿತು. ಹಳದಿ ಕಪ್ಪು ಪಟ್ಟೆಯ ನಡುವೆ ಕೈಮುಗಿದ ರಾಮ್‌ಕುಮಾರ್, ಕೆಳಗೆ 'ಕಾರ್ಯದರ್ಶಿ' ಎಂದು, ಮೇಲೆ 'ಪಕ್ಷದ ಹೆಸರು ಶೀಘ್ರದಲ್ಲೇ' ಎಂದು. ಹೆಸರಿಲ್ಲದಿರುವುದನ್ನು ಯಾರೂ ಕೊರತೆ ಎಂದು ಎಣಿಸಲಿಲ್ಲ. ಹೆಸರು, ನಾಯಕ, ಕಡಲು, ಮೂರೂ ಇಲ್ಲದ ಕಡಲ ಪಕ್ಷಕ್ಕೆ ಬೆಟ್ಟಗಳ ನಡುವಿನ ಆ ಊರಿನಲ್ಲಿ ಜನ ಸಾಲುಗಟ್ಟಿ ಸೇರಿದರು.

ಈಗ ಬಸ್ಸಿನಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಹಳದಿ ಕಪ್ಪು. ಮಾರಿಮುತ್ತು ಹತ್ತಿದರೆ ಕಂಡಕ್ಟರ್ ಬೇಸರದಿಂದ, "ಯಾರನ್ನ ಎಬ್ಬಿಸ್ಲಿ ಅಣ್ಣೆ? ಎಲ್ಲಾ ನಿಮ್ಮೋರೇ," ಎಂದ. ಆ ಎಲ್ಲರ ನಡುವೆ ಯಾರು ಸಾಧು, ಯಾರು ಅಲ್ಲ ಎಂಬುದು ಒಂದೆರಡು ದಿನಗಳಲ್ಲಿ ಊರಿಗೆ ತಿಳಿಯಿತು. ಜನ ಮತ್ತೆ ಮುಖ ನೋಡಲು ಕಲಿತರು. ಮಾರಿಮುತ್ತುವಿನ ಮುಖವಂತೂ ಇದ್ದ ಹಾಗೇ ಇತ್ತು. ಅವನು ಮತ್ತೆ ನಿಂತು ಪ್ರಯಾಣ ಮಾಡಿದ.

ದ್ರಾಕ್ಷಿ ಬಣ್ಣ ತಿರುಗುವ ಹೊತ್ತಿಗೆ ದಾರಿಯ ಕಲ್ಲುಗಳು ಮಾಯವಾದವು. ಗೇಟಿಗೆ ಹೊಸ ಬೀಗ ಬಂತು. ಗೇಟಿನ ಮುಂದೆ, ದಾರಿಯ ನಟ್ಟನಡುವೆ, ಗುಂಡಿ ತೋಡಿ ಕಾಂಕ್ರೀಟು ಸುರಿಯುತ್ತಿದ್ದರು.

"ಬಾವುಟದ ಕಂಬ ಅಣ್ಣ," ಎಂದ ರಾಮ್‌ಕುಮಾರ್. "ಪಾರ್ಟಿ ಕೆಲಸ. ನಾವೇ ಬೇಡ ಅಂದ್ರೆ ಅದು ಚೆನ್ನಾಗಿರಲ್ಲ. ಮೊದಲ ಪಂಚೆ ಉಟ್ಟವನು ಬೇರೆ ನೀನು."

ಮಾರಿಮುತ್ತು ಸರ್ವೆ ಕಚೇರಿಗೆ ಓಡಿದ. ವಿಘ್ನೇಶ್ವರನ್ ಈ ಸಲ ಏಳಲಿಲ್ಲ. ಅವನ ಹಿಂದಿನ ಗೋಡೆಯಲ್ಲಿ ರಾಮ್‌ಕುಮಾರನ ಕ್ಯಾಲೆಂಡರು ತೂಗುತ್ತಿತ್ತು. "ಕಾರ್ಯದರ್ಶಿಗಳ ಹತ್ತಿರ ಒಂದು ಮಾತು ಕೇಳ್ಕೊಂಡು ಬಂದುಬಿಡಿ. ಮುಂದಿನ ವಾರ ನೋಡೋಣ," ಎಂದ. ಹಳೆಯ ಮಾತು ಅವನಿಗೆ ಮರೆತಿರಲಿಲ್ಲ.

ಮನೆಯ ಮುಂದೆ ಕೂತಿದ್ದ ವೀರಮ್ಮಾಳ್ ಅಜ್ಜಿ ಎಲೆಯಡಿಕೆ ಜಗಿಯುತ್ತಾ ಎಲ್ಲವನ್ನೂ ಕೇಳಿದಳು.

"ಗೆದ್ಲು ಕಟ್ಟಿದ ಉತ್ತ ಆವಿಗೆ ಮನೆ ಆಯ್ತು. ನೀನು ಗೆದ್ಲು ಕಣೋ ಮಾರಿ."

"ಇನ್ನೂ ಕಂಬಳಿ ಇದೆ ತಾನೆ," ಎಂದಳು ದೈವಾನೈ. "ನಾಳೆ ಕೂರ್ತಾರೆ. ಓಗು. ಕರುಪ್ಪಸಾಮಿ ತಾತ ಸಾಕ್ಷಿ ಏಳ್ತೀನಿ ಅಂದವ್ರಲ್ಲ. ಅಜ್ಜಿ ಪೆಟ್ಟಿಗೇಲಿ ಸತ್ತೋದ ಗಂಡನ ಬಿಳಿ ಪಂಚೆ ಇದೆ, ಕೇಳಿ ಇಸ್ಕೊತೀನಿ."

ಇಲ್ಲಿ ಮಾರಿಮುತ್ತು ಯೋಚನೆ ಮಾಡಿದ. ಅವನು ಯೋಚನೆ ಮಾಡದೆ ಇದ್ದಾಗ ಅವನಿಗೆ ಇಷ್ಟು ಕೆಟ್ಟದ್ದು ಯಾವತ್ತೂ ಆಗಿರಲಿಲ್ಲ. ರಾಮ್‌ಕುಮಾರ್ ತನ್ನ ಹಿಂಡನ್ನು ಕಟ್ಟಿಕೊಂಡು ಬರುತ್ತಾನೆ, ಎಲ್ಲರದೂ ಗೇಣಗಲದ ಅಂಚು. ಅವರ ಮುಂದೆ ನಾನೊಬ್ಬ ಬರಿ ಬಿಳಿಯಲ್ಲಿ ನಿಂತರೆ ಹಳೆಯ ಮಾರಿಮುತ್ತು ಆಗಿಬಿಡುತ್ತೇನೆ, ನುಂಗಿ ನೀರು ಕುಡಿಯುತ್ತಾರೆ. ಅಂಚು ಇದ್ದರೆ ಸರಿಸಮ ಆದರೂ ಆಗುತ್ತದೆ. ಹಿರಿಯರೂ ಮನುಷ್ಯರೇ ತಾನೆ, ವಿಘ್ನೇಶ್ವರನ್ ಎದ್ದ ಹಾಗೆ ಎದ್ದರೂ ಏಳಬಹುದು.

"ಬೇಡ," ಎಂದ.

"ಕಟ್ಲೆ ಇದೆ," ಎಂದಳು ದೈವಾನೈ.

"ಕಟ್ಲೆ ಎಲ್ಲ ಆ ಕಾಲದ್ದು."

ಮರುದಿನ ಕೊಟ್ಟಿಗೆಯ ಮುಂದೆ ಕರಿ ಕಂಬಳಿ ಹಾಸಿತ್ತು. ಹಿರಿಯರು ಕೂತಿದ್ದರು, ನಡುವೆ ಕರುಪ್ಪಸಾಮಿ ತಾತ. ಮಾರಿಮುತ್ತು ಹಳದಿ ಕಪ್ಪು ಅಂಚನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಬಂದ. ಯಾರೂ ಏಳಲಿಲ್ಲ. ಎದುರು ಬದಿಯಲ್ಲಿ ರಾಮ್‌ಕುಮಾರ್ ಒಬ್ಬನೇ ನಿಂತಿದ್ದ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಹೆಗಲ ಮೇಲೆ ವಲ್ಲಿ ಇರಲಿಲ್ಲ, ಉಟ್ಟದ್ದು ಗೆರೆಯೂ ಇಲ್ಲದ ಹಾಲುಬಿಳಿ ಪಂಚೆ. ಬಣ್ಣ ಬಳಿದುಕೊಳ್ಳುವುದು ಮಾತ್ರ ಮಾರಿಮುತ್ತುವಿಗೆ ತಿಳಿದಿತ್ತು. ಯಾವ ಬಾಗಿಲಲ್ಲಿ ಕಳಚಿಡಬೇಕು ಎನ್ನುವುದು ಬೇಟೆಯಾಡುವವರಿಗೆ ಗೊತ್ತಿರುವ ವಿದ್ಯೆ, ಅದು ರಾಮ್‌ಕುಮಾರನಿಗಿತ್ತು.

ಕರುಪ್ಪಸಾಮಿ ತಾತ ಆ ಅಂಚನ್ನೇ ನೋಡಿದರು.

"ಏನೋ ಇದು ಮಾರಿ?"

"ಪಂಚೆ ತಾತ."

"ಕಂಬಳಿ ಮುಂದೆ ಬಣ್ಣ ಇಲ್ಲ ಅಂತ ನಿಮ್ಮಪ್ಪ ಏಳಿಕೊಟ್ಟಿಲ್ವಾ?"

"ಏಳಿದ್ರು. ಆದ್ರೆ ತಾತ, ಈಗ ಎಲ್ಲಾರೂ..."

"ಎಲ್ಲಾರೂ ಅಲ್ಲ. ಆ ಕಡೆ ನೋಡು."

ಮಾರಿಮುತ್ತು ನೋಡಿದ. ರಾಮ್‌ಕುಮಾರ್ ಕೈಮುಗಿದು ತಲೆ ತಗ್ಗಿಸಿದ್ದ.

"ಬಣ್ಣ ಉಟ್ಕೊಂಡವನಿಗೆ ಅವನ ಬಣ್ಣದವರು ನ್ಯಾಯ ಏಳ್ತಾರೆ. ಕಂಬಳಿ ಏಳಲ್ಲ," ಎಂದರು ತಾತ. "ಬೆಳಗಿಂದ ನಿಂಗೋಸ್ಕರ ಕೂತಿದ್ದೆ ಕಣೋ. ನಿಮ್ಮಪ್ಪನ ಕರು ಇಂದೆ ನಾನು ನಡೆದದ್ದು ಏಳಕ್ಕೇ ಕೂತಿದ್ದೆ. ಬರಿ ಪಂಚೇಲಿ ಬಂದಿದ್ರೆ ಆಗ್ತಿತ್ತು. ಈಗ ನನ್ನ ಬಾಯಿ ಕಟ್ಟಿ ಆಕ್ಬಿಟ್ಟೆ."

"ಈಗ ಬದಲಾಯಿಸ್ಕೊಂಡು ಬರ್ತೀನಿ ತಾತ. ಎದುರು ಮನೆ ಅಜ್ಜಿ ಹತ್ರ ಇದೆ."

"ಒಂದು ದೂರು ಒಂದೇ ಸಲ. ಇನ್ನು ಬರೋ ಮಾಸಿಗೆ."

ಬರುವ ಮಾಸಿ ಇನ್ನೊಂದು ವರ್ಷಕ್ಕೆ. ದ್ರಾಕ್ಷಿ ಆ ವಾರಕ್ಕೆ. ಹಿರಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದು ವಿನಾಯಿತಿ ಮಾತ್ರ ಕೊಟ್ಟರು. ಮಾರಿಮುತ್ತುವಿನ ಮನೆಯ ಪೊಂಗಲ್ ಕರು ದೇವರದಾದ್ದರಿಂದ ಅದು ಆ ದಾರಿಯಲ್ಲೇ ನಡೆಯಬೇಕು, ಗೇಟು ತೆರೆಯಬೇಕು. ಕರುವಿಗೆ ಮಾತ್ರ. ರಾಮ್‌ಕುಮಾರ್ ಕಂಬಳಿಗೆ ಅಡ್ಡಬಿದ್ದು, "ದೇವರ ದನಕ್ಕೆ ಅಡ್ಡ ಬರೋ ಅಷ್ಟು ಪಾಪಿ ನಾನಲ್ಲ," ಎಂದ. ಅದು ನಿಜವೂ ಆಗಿತ್ತು.

ಕರುವನ್ನು ಬಿಡುವ ದಿನವನ್ನೇ ರಾಮ್‌ಕುಮಾರ್ ಬಾವುಟ ಏರಿಸುವ ದಿನವಾಗಿ ಆರಿಸಿದ. ಕಂಬ ಸಿದ್ಧವಾಗಿತ್ತು, ಬಾವುಟದ ಬಟ್ಟೆ ಮಾತ್ರ ಚಿನ್ನಾಳಪಟ್ಟಿಯಿಂದ ಬಂದಿರಲಿಲ್ಲ. ಬೆಳಗ್ಗೆಯೇ ಅವನ ಭಾಮೈದ ನಾಲ್ಕು ಜನರೊಂದಿಗೆ ಮಾರಿಮುತ್ತುವಿನ ಮನೆಗೆ ಬಂದ.

"ನೀವು ಮೆಂಬರಾ?" ಎಂದು ಕೇಳಿದ.

"ಏನು ಮೆಂಬರು?"

"ಮೆಂಬರ್ ಅಲ್ಲದವರು ನಮ್ಮ ಅಂಚು ಉಡಕ್ಕೆ ಇಲ್ಲ. ಊರಲ್ಲಿ ಪೋಲಿ ಆಸಾಮಿಗಳು ನಮ್ಮ ಪಂಚೆ ಉಟ್ಕೊಂಡು ಪಾರ್ಟಿ ಹೆಸರು ಕೆಡಿಸ್ತಾ ಇದ್ದಾರೆ ಅಂತ ಕಂಪ್ಲೇಂಟ್ ಇದೆ. ಬಿಚ್ಚಿ ಕೊಡಿ."

ಮಾರಿಮುತ್ತು ಒಳಗೆ ಹೋಗಿ ಬಿಚ್ಚಿ ಕೊಟ್ಟ. ದೈವಾನೈ ವೀರಮ್ಮಾಳ್ ಅಜ್ಜಿಯ ಮನೆಗೆ ಹೋಗಿ, ಅವಳ ಗಂಡನಾದ ಸತ್ತ ತಾತನ ಬಿಳಿ ಪಂಚೆ ತಂದು ಗಂಡನ ಕೈಗಿಟ್ಟಳು. ಅದರಲ್ಲಿ ನುಸಿಗುಳಿಗೆಯ ವಾಸನೆ ಇತ್ತು. ಅದನ್ನು ಉಡುವಾಗ ಅವನಿಗೆ ಅಳು ಬಂತು. ದೈವಾನೈ ಕರುವಿಗೆ ಅರಿಸಿನ ಕಲಸುವ ನೆಪದಲ್ಲಿ ಅತ್ತ ತಿರುಗಿದಳು.

ಕರು ಬಿಡುವುದನ್ನು ನೋಡಲು ತಮಿಳರಸಿ ಬಂದಿದ್ದಳು. ಗೇಟಿನ ಮುಂದೆ ಹಳದಿ ಕಪ್ಪಿನ ಜಾತ್ರೆಯನ್ನೇ ಕಂಡು ಅವಳಿಗೆ ಕಣ್ಣು ಕತ್ತಲಿಟ್ಟಿತು.

"ಮಾಮ, ಇದೆಲ್ಲ ಏನು? ಎಲ್ಲಾರೂ ಕಡಲ ಹಾವು ತರ ಇದ್ದಾರೆ."

"ನೀನು ತಾನೆ ಏಳಿದ್ದು ಕಂದ."

"ನಾನು ಪೂರ್ತಿ ಹೇಳ್ಲಿಲ್ಲ. ನೀವು ಎದ್ದು ಹೋದ್ರಿ." ಅವಳು ಮಾವನ ಮುಖ ನೋಡಿ ದನಿ ಇಳಿಸಿದಳು. "ಆ ಮೀನಿನ ವೇಷ ನಡೆಯೋದು ನಿಜವಾದ ಹಾವು ಜಾಸ್ತಿ ಇದ್ದು, ವೇಷದವು ಕಮ್ಮಿ ಇದ್ರೆ ಮಾತ್ರ. ವೇಷದವು ಜಾಸ್ತಿ ಆದ್ರೆ ದೊಡ್ಡ ಮೀನು ಒಂದನ್ನ ಕಚ್ಚಿ ನೋಡುತ್ತೆ. ಏನೂ ಆಗಲ್ಲ. ಆಮೇಲೆ ಹೆದರೋದೇ ಇಲ್ಲ. ಕಡಲ ಹದ್ದು ಅಂತೂ ನಿಜವಾದ ಹಾವನ್ನೇ ಎತ್ಕೊಂಡು ಹೋಗಿ ತಿನ್ನುತ್ತೆ. ಅದಕ್ಕೆ ಪಟ್ಟೆ ಗಿಟ್ಟೆ ಲೆಕ್ಕಕ್ಕೇ ಇಲ್ಲ."

"ಆ ಬಡ ಮೀನು ಕೊನೆಗೆ ಏನ್ ಮಾಡ್ತದೆ?"

"ಮರಳಲ್ಲಿ ಹೂತ್ಕೊಳ್ಳುತ್ತೆ ಮಾಮ."

ಆಗ ಪಕ್ಷದ ಒಬ್ಬ ಬಂದು ತಮಿಳರಸಿಯನ್ನು ಕೈಸನ್ನೆಯಲ್ಲಿ ಹಿಂದೆ ಸರಿಸಿದ. "ದಾರಿ ಬಿಡಮ್ಮ. ನಮ್ಮ ನಾಯಕಿ ರಾಮೇಶ್ವರದಿಂದ ಬರ್ತಾರೆ ಅಂತ ಸುದ್ದಿ ಇದೆ," ಎಂದ. ಅವಳು ಸರಿದು ನಿಂತಳು.

ನಾಯಕಿ ಬರಲಿಲ್ಲವೆಂದು ರಾಮ್‌ಕುಮಾರನೇ ಹಗ್ಗ ಎಳೆದ. ಮಾರಿಮುತ್ತುವಿನ ಪಂಚೆ ಮೇಲೇರಿತು. ಮಂಡಿಯ ಹತ್ತಿರ ದ್ರಾಕ್ಷಿ ಕಲೆ ಇದ್ದ ಭಾಗವನ್ನು ಒಳಗೆ ಮಡಚಿ ಹೊಲಿದಿದ್ದರು. ಗಾಳಿಗೆ ಅಂಚು ಬಿಚ್ಚಿಕೊಂಡಾಗ ಜನ ಚಪ್ಪಾಳೆ ತಟ್ಟಿದರು. ವಿಘ್ನೇಶ್ವರನ್ ಎದ್ದು ನಿಂತು ಕೈಮುಗಿದ. ಸುತ್ತ ಎಲ್ಲರ ಕೈ ಮೇಲೆ ಹೋದದ್ದರಿಂದ ಮಾರಿಮುತ್ತುವೂ ಕೈಮುಗಿದ. ಅವನ ಪಕ್ಕದಲ್ಲಿ ಆ ದಿನದ ಮೊದಲ ಕೊಯ್ಲಿನ ಕ್ರೇಟು ಇತ್ತು. ಗೇಟು ತೆರೆದಾಗ ಹಿಂದೆಯೇ ಅದನ್ನೂ ಹೇಗಾದರೂ ರಸ್ತೆಗೆ ದಾಟಿಸಬಹುದೇನೋ ಎಂಬ ಸಣ್ಣ ಆಸೆಯಿಂದ ಹೊತ್ತು ತಂದಿದ್ದ.

"ಕರು ಬರ್ತಾ ಇದೆ, ಜಾಗ ಬಿಡಿ," ಎಂದು ಕರುಪ್ಪಸಾಮಿ ತಾತ ಕೂಗಿದರು.

ದೈವಾನೈ ಕರುವಿನ ಹಗ್ಗ ಬಿಚ್ಚಿದಳು. ಕರುವಿನ ಮೈಮೇಲೆ ಹಣೆಯ ಒಂದು ಬೊಟ್ಟು ಅರಿಸಿನ ಬಿಟ್ಟರೆ ಬಣ್ಣವಿರಲಿಲ್ಲ. ಹಳದಿ ಕಪ್ಪಿನ ಗುಂಪು ಎರಡು ಪಾಲಾಗಿ ಬಾಯ್ಬಿಟ್ಟಿತು. ಬಡ್ಡಿ ವಸೂಲಿಯವರು ಚಪ್ಪಲಿ ಕಳಚಿದರು. ರಾಮ್‌ಕುಮಾರ್ ಗೇಟು ತೆರೆದು, ಕರುವಿನ ಗೊರಸು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಕರು ಕಂಬವನ್ನು ಸುತ್ತಿ ಒಳಗೆ ಹೋಯಿತು. ಮಾರಿಮುತ್ತು ಕ್ರೇಟು ತಲೆಗೇರಿಸಿ ಹಿಂದೆಯೇ ಒಂದು ಹೆಜ್ಜೆ ಇಟ್ಟ. ಗೇಟು ಅವನ ಮುಂದೆ ಮುಚ್ಚಿತು. ರಾಮ್‌ಕುಮಾರ್ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

"ಕರುಗೆ ಮಾತ್ರ ಅಂತ ತೀರ್ಪು ಅಣ್ಣ. ಕಂಬಳಿ ಮಾತು ಮೀರಬಾರ್ದು ನಾವು."

ಕರು ದಾರಿಯ ನಡುವೆ ನಿಂತು ಹಿಂತಿರುಗಿ ಕೂಗಿತು. ಅದಕ್ಕೆ ಒಂಟಿಯಾಗಿ ನಡೆದು ಗೊತ್ತಿರಲಿಲ್ಲ. ಮಾರಿಮುತ್ತು ಗೇಟಿನ ಸರಳಿನ ಸಂದಿಯಿಂದ ಅದನ್ನು ನೋಡಿದ. ಕ್ರೇಟಿನ ತಳದಿಂದ ರಸ ಇಳಿದು ಸತ್ತ ತಾತನ ಬಿಳಿ ಪಂಚೆಗೆ ಬೀಳುತ್ತಿತ್ತು.

"ನಡಿ ಕಂದ, ನಡಿ," ಎಂದ. "ನೀನು ಎದ್ರಬೇಡ, ನಿನ್ನ ಯಾರೂ ಮುಟ್ಟಲ್ಲ. ನಾನು ಕಾಲುವೆ ಮೇಲೆ ಸುತ್ಕೊಂಡು ಬರ್ತೀನಿ."